ಜೂನ್ ಹನ್ನೆರಡರ ಕುರ್ಚಿ

ಪರಗ್ವಾಯ್ ನದಿಯಿಂದ ಅರ್ಧ ದಿನದ ಕೆಂಪು ದಾರಿ,
ಅಲ್ಲೊಂದು ಪೇಟೆ. ಶಾಲೆಯ ಜವಾನ ಸಿರಿಯಾಕೋ
ಬೆಳಕು ಹರಿಯುವ ಮೊದಲೇ ಕುರ್ಚಿ ಒರೆಸುತ್ತಾನೆ.
ಅವನ ಅಪ್ಪ ಒರೆಸುತ್ತಿದ್ದಾಗ ನಲವತ್ತೊಂದು.
ಇವನು ಕೆಲಸಕ್ಕೆ ಸೇರಿದಾಗ ಹದಿನೇಳು.
ಆಮೇಲೆ ಆರು, ಮೂರು. ಬಹಳ ವರ್ಷ ಒಂದೇ ಒಂದು,
ಅದರಲ್ಲಿ ಡಾನ್ ಎಪಿಫಾನಿಯೋ,
ಪದಕದ ಭಾರಕ್ಕೆ ಅಂಗಿ ಒಂದು ಕಡೆ ಜೋತುಬಿದ್ದು
ಬ್ಯಾಂಡಿನ ಸದ್ದಿನಲ್ಲೇ ನಿದ್ದೆ ಹೋಗುತ್ತಿದ್ದ.

ಈಗ ಆ ಒಂದರಲ್ಲೂ ಯಾರೂ ಇಲ್ಲ.
ಆದರೂ ಒರೆಸುತ್ತಾನೆ. ಮುಂದೆ ಸ್ಟೂಲಿನ ಮೇಲೆ
ಒಂದು ಲೋಟ ನೀರು. ಅದು ಪದ್ಧತಿ.
ಚಾಕೋ ಕಾಡಿನ ಆ ಯುದ್ಧದಲ್ಲಿ
ಗುಂಡಿಗೆ ಸಿಗದವರನ್ನು ಬಾಯಾರಿಕೆ ಹುಡುಕಿಕೊಂಡು ಬಂತಂತೆ.
ಒಂದು ಬಾವಿಗಾಗಿ
ಒಂದು ಬಾವಿ ತುಂಬುವಷ್ಟು ಹೆಣ.

ಪುರಸಭೆಯಲ್ಲಿ ಮೊನ್ನೆ ಅದೇ ಚರ್ಚೆ.
ಹೊಸ ಸದಸ್ಯ ವಿಲ್ಫ್ರಿದೋ,
ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವನು, ಕೆಟ್ಟವನಲ್ಲ:
"ಯಾರ ನೆನಪು ಇದು? ಇಲ್ಲಿ ಕೂತವರಲ್ಲಿ ಒಬ್ಬರಾದರೂ ಕಂಡಿದ್ದೀರಾ?
ಕಾಣದ್ದನ್ನು ನೆನೆಯಲು ಬರುತ್ತದೆಯೇ?
ನೂರು ತುಂಬಿದ ಮೇಲೆ ನಿಲ್ಲಿಸೋಣ. ದುಂಡು ಸಂಖ್ಯೆ.
ಆ ದುಡ್ಡಲ್ಲಿ ಆಸ್ಪತ್ರೆಗೊಂದು ನೀರಿನ ಫಿಲ್ಟರ್ ಬರುತ್ತದೆ."
ಟೀಚರ್ ಮಿರ್ತಾ ಎದ್ದಳು, ಬಾಯಿ ತೆರೆದಳು,
ಫಿಲ್ಟರಿಗೆ ಉತ್ತರ ಹೊಳೆಯದೆ ಕೂತಳು.

ನನ್ನ ಭಾಷೆಯಲ್ಲೊಂದು ಮಾತಿದೆ: ಎಳ್ಳುನೀರು ಬಿಡುವುದು.
ಸತ್ತವರನ್ನು ಹೆಸರು ಹಿಡಿದು ಕರೆದರೂ ಅದೇ,
ಇನ್ನು ಸಂಬಂಧವಿಲ್ಲವೆಂದು ಕೈ ತೊಳೆದರೂ ಅದೇ.
ಇಲ್ಲಿಯವರೂ ಎಳ್ಳು ಬೆಳೆಯುತ್ತಾರೆ,
ಮೂಟೆ ಕಟ್ಟಿ ದೂರದ ಹಡಗಿಗೆ ಹಾಕುತ್ತಾರೆ.
ಈ ಮಾತು ಮಾತ್ರ ಅವರಲ್ಲಿಲ್ಲ.
ಇದ್ದಿದ್ದರೆ ಸಭೆ ಬೇಗ ಮುಗಿಯುತ್ತಿತ್ತೋ
ಮುಗಿಯುತ್ತಲೇ ಇರಲಿಲ್ಲವೋ.

ಎಪಿಫಾನಿಯೋನ ಮಗಳು ಎಮೆರೆಂಸಿಯಾ, ಎಂಬತ್ತರ ಹತ್ತಿರ,
ಕೊಂಬಿನ ಲೋಟದಲ್ಲಿ ತಣ್ಣನೆ ತೆರೆರೆ ತುಂಬಿ
ನನ್ನತ್ತ ದಾಟಿಸುತ್ತ ಹೇಳಿದಳು:
ಅಪ್ಪ ಆ ನೀರು ಕುಡಿದದ್ದೇ ಇಲ್ಲ.
ಭಾಷಣ ಮುಗಿಯುತ್ತಲೇ ನೆಲಕ್ಕೆ ಚೆಲ್ಲುತ್ತಿದ್ದ.
ಮುದಿ ಕೈ, ನಡುಕ, ಅಂದುಕೊಂಡರು ಜನ.
ಒಮ್ಮೆ ಜ್ವರದಲ್ಲಿ ಅಂದಿದ್ದ:
ಬತ್ತಿದ ಹೊಂಡದ ಆಚೆ ಬದಿಯಲ್ಲೊಬ್ಬ ಬೊಲಿವಿಯಾದ ಹುಡುಗ,
ಬೆಟ್ಟದವನು. ಹೆಸರು ಕೇಳಲು ಇಬ್ಬರಿಗೂ ಸೇರಿ ಒಂದು ಭಾಷೆ ಇರಲಿಲ್ಲ.
ಬೊಗಸೆ ಮಾಡಿ ತೋರಿಸಿದ.
ನನ್ನ ಸೊಂಟದ ತಗಡಿನ ಬಾಟಲಿಯಲ್ಲಿ ಒಂದು ಗುಟುಕಿತ್ತು.

ಅಷ್ಟೇ ಅಂದ. ಆ ಗುಟುಕು ಏನಾಯಿತೆಂದು
ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಪುರಸಭೆ ನೆನೆಯುವ ಯುದ್ಧ ದೊಡ್ಡದು,
ಅಪ್ಪನದು ಒಂದು ಗುಟುಕಿನಷ್ಟು.

ಹನ್ನೆರಡರ ಬೆಳಿಗ್ಗೆ. ಬ್ಯಾಂಡು, ಬಾವುಟ, ಧೂಳು.
ಚಳಿಗಾಲ ಹೆಸರಿಗೆ; ಬಡಗಣ ಗಾಳಿ ಒಲೆಯ ಬಾಯಿ.
ಮೂರನೇ ಭಾಷಣದ ನಡುವೆ
ಎರಡನೇ ತರಗತಿಯ ಹುಡುಗನೊಬ್ಬ ಸಾಲು ಬಿಟ್ಟು
ಸೀದಾ ಹೋಗಿ ಆ ಲೋಟ ಎತ್ತಿ
ಗಟಗಟ ಕುಡಿದ, ಅಂಗಿಯ ಮೇಲೆಲ್ಲ ಸೋರಿಸಿಕೊಂಡು.
ಕುರ್ಚಿಯಲ್ಲಿ ಕೂತೂಬಿಟ್ಟ,
ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ಮಿರ್ತಾ ಓಡಿದಳು. ವಿಲ್ಫ್ರಿದೋ ನಕ್ಕ, ತಕ್ಷಣ ನುಂಗಿಕೊಂಡ.
ಮೇಯರು ಕಾಗದದಲ್ಲಿ ಸಾಲು ಕಳೆದುಕೊಂಡರು.
ಎಮೆರೆಂಸಿಯಾ ಸಿರಿಯಾಕೋನ ಕಡೆ ತಿರುಗಿ
ಹೆಬ್ಬೆರಳು ಬಾಯಿಗಿಟ್ಟು ಸನ್ನೆ ಮಾಡಿದಳು:
ಇನ್ನೊಂದು ಲೋಟ.

ತಂದ. ಯಾರಿಗೆ ಎಂದು ಕೇಳಲಿಲ್ಲ.
ಹುಡುಗನಿಗೋ, ಕುರ್ಚಿಗೋ, ಹೊಂಡದ ಆಚೆಯವನಿಗೋ.
ಸ್ಟೂಲಿನ ಮೇಲಿಟ್ಟು ಕೈ ಒರೆಸಿಕೊಂಡ.
ಅಷ್ಟರಲ್ಲಿ ಮೇಯರಿಗೆ ಸಾಲು ಸಿಕ್ಕಿತ್ತು.